ಸಂತಾನ ಚಿಕಿತ್ಸೆಯ ಯಶಸ್ಸು ಮತ್ತು ಸುರಕ್ಷಿತ ಹೆರಿಗೆ: ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಉದ್ಯೋಗಕ್ಕಾಗಿ ಹೋದ ಅನೇಕ ಕುಟುಂಬಗಳು ಇಂದು ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಭಾಗಗಳಲ್ಲಿ ನೆಲೆಸಿವೆ. ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದಿದ್ದಾಗ ಊರಿನಲ್ಲಿರುವ ಹಿರಿಯರಿಗೆ ಚಿಂತೆ, ಬೆಂಗಳೂರಿನಲ್ಲಿರುವ ದಂಪತಿಗೆ ಸಂಕೋಚ. ಹರಕೆ, ನೊವೇನಾ ನಡೆಯುತ್ತವೆ. ವೈದ್ಯರ ಭೇಟಿ ಮಾತ್ರ ಮುಂದೂಡುತ್ತಾ ಹೋಗುತ್ತದೆ. ಕೊನೆಗೆ ಒಂದು ದಿನ ಜಾಹೀರಾತು ಫಲಕದಲ್ಲಿ ಕಂಡ ಯಾವುದೋ ಕೇಂದ್ರಕ್ಕೆ ಹೋಗಿ, ಏನೂ ವಿಚಾರಿಸದೆ ಹಣ ಕಟ್ಟಿ ಬರುವವರಿದ್ದಾರೆ.

ವಿವಾಹ ಪೂರ್ವ ತಯಾರಿ ಶಿಬಿರ ನಡೆಸುವವರು, ಕುಟುಂಬ ಆಯೋಗದ ಸದಸ್ಯರು, ವಾರ್ಡಿನ ಗುರಿಕಾರರು ಹಾಗೂ ಇಂತಹ ದಂಪತಿಗಳ ಮನೆಯವರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ. ನಾವು ಹೇಳಬಯಸುವ ಮುಖ್ಯ ಮಾತು ಇಷ್ಟೇ: ಸಂತಾನ ಚಿಕಿತ್ಸೆಯಲ್ಲಿ ಆಸ್ಪತ್ರೆಯ ಹೆಸರಿಗಿಂತ ಸಮಯ ದೊಡ್ಡದು. ಕಳೆದುಹೋದ ವರ್ಷಗಳನ್ನು ಯಾವ ಯಂತ್ರವೂ ಹಿಂದಕ್ಕೆ ಕೊಡುವುದಿಲ್ಲ. ಹಾಗೆಯೇ, ಗರ್ಭ ನಿಂತರೆ ಯಶಸ್ಸು ಪೂರ್ಣವಾಗುವುದಿಲ್ಲ. ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದಾಗಲೇ ಅದು ಯಶಸ್ಸು.

ವೈದ್ಯರ ಬಳಿ ಯಾವಾಗ ಹೋಗಬೇಕು?

ಗರ್ಭನಿರೋಧಕ ಯಾವುದೂ ಇಲ್ಲದೆ, ನಿಯಮಿತ ದಾಂಪತ್ಯದಲ್ಲಿ 12 ತಿಂಗಳು ಕಳೆದರೂ ಗರ್ಭ ನಿಲ್ಲದಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಸಂತಾನಹೀನತೆ ಎಂದು ಕರೆಯುತ್ತದೆ. ಆ ಸಂಸ್ಥೆಯ 2023ರ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಅನುಭವಿಸುತ್ತಾರೆ. ಆದ್ದರಿಂದ ಇದು ಶಾಪವಲ್ಲ, ಅಪರೂಪದ ರೋಗವೂ ಅಲ್ಲ.

ಪತ್ನಿಯ ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ ಒಂದು ವರ್ಷ ಕಾಯಬಹುದು. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಸರಿಯಾಗಿ ಆಗದವರು, ಹಿಂದೆ ಕ್ಷಯ ರೋಗ ಬಂದವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಮುಟ್ಟಿನ ಸಮಯದಲ್ಲಿ ತಡೆಯಲಾಗದ ನೋವು ಇರುವವರು ವಯಸ್ಸು ಎಷ್ಟೇ ಇರಲಿ ಮೊದಲೇ ತೋರಿಸಿಕೊಳ್ಳಬೇಕು.

ನಮ್ಮವರಲ್ಲಿ ಇನ್ನೊಂದು ಸಂಗತಿಯಿದೆ. ಪತಿ ಗಲ್ಫ್‌ನಲ್ಲೋ ಹಡಗಿನಲ್ಲೋ ದುಡಿಯುತ್ತಿದ್ದು ವರ್ಷಕ್ಕೆ ಒಂದು ತಿಂಗಳು ರಜೆಗೆ ಬರುತ್ತಿದ್ದರೆ, ಮದುವೆಯಾಗಿ ಐದು ವರ್ಷವಾದರೂ ಇಬ್ಬರೂ ಒಟ್ಟಿಗಿದ್ದದ್ದು ಐದೇ ತಿಂಗಳು. ಅದನ್ನು ಸಂತಾನಹೀನತೆ ಎನ್ನಲಾಗದು. ಆದರೆ ಪತ್ನಿಯ ವಯಸ್ಸು ಮಾತ್ರ ಐದು ವರ್ಷ ಏರಿರುತ್ತದೆ. ಅಂಥವರು ರಜೆಯ ಮೊದಲ ವಾರದಲ್ಲೇ ಇಬ್ಬರ ಪ್ರಾಥಮಿಕ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಉತ್ತಮ. ಬೆಂಗಳೂರಿನಲ್ಲಿ ಒಬ್ಬರು ಹಗಲು ಪಾಳಿ, ಇನ್ನೊಬ್ಬರು ರಾತ್ರಿ ಪಾಳಿಯಲ್ಲಿ ದುಡಿಯುವ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪರೀಕ್ಷೆ ಇಬ್ಬರಿಗೂ ಆಗಬೇಕು

ಮಕ್ಕಳಾಗದಿದ್ದರೆ ತಪ್ಪು ಸೊಸೆಯದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ವಾಸ್ತವದಲ್ಲಿ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ, ಕೆಲವೊಮ್ಮೆ ಅದೊಂದೇ ಇರುತ್ತದೆ. ವೀರ್ಯ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಆದರೂ ಪತ್ನಿಗೆ ಎರಡು ಮೂರು ವರ್ಷ ಮಾತ್ರೆ, ಚುಚ್ಚುಮದ್ದು ಕೊಡಿಸಿದ ಮೇಲೆ ಪತಿಯ ಪರೀಕ್ಷೆಗೆ ಹೋಗುವ ಮನೆಗಳಿವೆ. ಇದರಿಂದ ಹಣಕ್ಕಿಂತ ಹೆಚ್ಚಾಗಿ ಸಮಯ ನಷ್ಟವಾಗುತ್ತದೆ.

ಮಾದರಿಯನ್ನು ಹೇಗೆ ಕೊಡಬೇಕೆಂಬ ಬಗ್ಗೆ ಮನಸ್ಸಾಕ್ಷಿಯ ಪ್ರಶ್ನೆಯಿರುವ ಕಥೋಲಿಕ ದಂಪತಿಗಳು ವೈದ್ಯರಿಗೆ ಮೊದಲೇ ತಿಳಿಸಬೇಕು. ದಾಂಪತ್ಯ ಕ್ರಿಯೆಯ ಸಮಯದಲ್ಲಿಯೇ ವಿಶೇಷ ಚೀಲದಲ್ಲಿ ಸಂಗ್ರಹಿಸುವ ವಿಧಾನವಿದೆ. ಸಂಕೋಚದಿಂದ ಪರೀಕ್ಷೆಯನ್ನೇ ಬಿಟ್ಟುಬಿಡುವುದು ಸರಿಯಲ್ಲ.

ಪುರುಷರಲ್ಲಿ ವೃಷಣದ ರಕ್ತನಾಳಗಳ ಊತ, ದೊಡ್ಡವರಾದ ಮೇಲೆ ಬಂದ ಮಂಗನ ಬಾವು, ತಂಬಾಕು, ಗುಟ್ಕಾ, ಅತಿಯಾದ ಮದ್ಯಪಾನ, ಬೊಜ್ಜು ಇವು ಸಾಮಾನ್ಯ ಕಾರಣಗಳು. ಮೈ ಬೆಳೆಸಲೆಂದು ಜಿಮ್‌ನಲ್ಲಿ ಕೆಲವರು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ದುಶ್ಚಟ ಬಿಟ್ಟ ಫಲ ಪರೀಕ್ಷೆಯಲ್ಲಿ ಕಾಣಲು ಮೂರು ತಿಂಗಳಾದರೂ ಕಾಯಬೇಕು.

ಚಿಕಿತ್ಸೆಯ ಫಲವನ್ನು ನಿರ್ಧರಿಸುವ ಅಂಶಗಳು

1. ಪತ್ನಿಯ ವಯಸ್ಸು: ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹೆಣ್ಣುಮಗು ಹುಟ್ಟುವಾಗಲೇ ತನ್ನ ಎಲ್ಲಾ ಅಂಡಗಳನ್ನು ಹೊತ್ತು ಬರುತ್ತದೆ; ಹೊಸದಾಗಿ ಉತ್ಪತ್ತಿಯಾಗುವುದಿಲ್ಲ. 35ರ ನಂತರ ಅಂಡಗಳ ಸಂಖ್ಯೆಯೂ ಗುಣಮಟ್ಟವೂ ಬೇಗ ಇಳಿಯುತ್ತವೆ. ಗರ್ಭಪಾತದ ಸಂಭವವೂ ವಯಸ್ಸಿನೊಡನೆ ಏರುತ್ತದೆ. ನಾರ್ವೆ ದೇಶದ ದೊಡ್ಡ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 25ರಿಂದ 29ರ ವಯಸ್ಸಿನವರಲ್ಲಿ ಹತ್ತು ಗರ್ಭಗಳಲ್ಲಿ ಒಂದು, 45 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಪಾತವಾದದ್ದು ಕಂಡುಬಂದಿದೆ.

2. ಫಲವತ್ತಾದ ದಿನಗಳ ತಿಳುವಳಿಕೆ: ಒಂದು ಋತುಚಕ್ರದಲ್ಲಿ ಗರ್ಭಧಾರಣೆ ಸಾಧ್ಯವಿರುವುದು ಸುಮಾರು ಆರು ದಿನ ಮಾತ್ರ. ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ರೂಪಿಸಿದ ಬಿಲ್ಲಿಂಗ್ಸ್ ವಿಧಾನವನ್ನು ನಮ್ಮ ಶಿಬಿರಗಳಲ್ಲಿ ಮಕ್ಕಳ ನಡುವೆ ಅಂತರ ಇಡಲು ಎಂದಷ್ಟೇ ಹೇಳಿಕೊಡುವುದುಂಟು. ಮಗು ಬೇಕೆನ್ನುವವರಿಗೂ ಅದೇ ತಿಳುವಳಿಕೆ ಅಷ್ಟೇ ಸಹಾಯಕ.

3. ತೂಕ ಮತ್ತು ಪಿಸಿಓಎಸ್: ಕುಳಿತು ಮಾಡುವ ಕೆಲಸ, ಹೊರಗಿನ ಊಟ, ನಿದ್ದೆಗೇಡಿನಿಂದ ತೂಕ ಏರುತ್ತದೆ. ಪಿಸಿಓಎಸ್ ಇರುವವರಲ್ಲಿ ಅಂಡ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ತೂಕ ಹೆಚ್ಚಿರುವವರು ದೇಹದ ತೂಕದ ಶೇಕಡಾ 5ರಿಂದ 10ರಷ್ಟು ಇಳಿಸಿದರೆ ಹಲವರಲ್ಲಿ ಮುಟ್ಟು ತಾನಾಗಿಯೇ ಕ್ರಮಕ್ಕೆ ಬರುತ್ತದೆ. ಮಾತ್ರೆಗಳೂ ಚೆನ್ನಾಗಿ ಕೆಲಸ ಮಾಡುತ್ತವೆ.

4. ಅಂಡನಾಳ ಮತ್ತು ಗರ್ಭಕೋಶ: ನಮ್ಮ ದೇಶದಲ್ಲಿ ಜನನಾಂಗಗಳ ಕ್ಷಯ ಅಂಡನಾಳ ಮುಚ್ಚಲು ಒಂದು ಮುಖ್ಯ ಕಾರಣ. ಕೆಮ್ಮು, ಜ್ವರ ಇಲ್ಲದೆಯೂ ಇದು ಒಳಗೇ ಇರಬಹುದು. ಫೈಬ್ರಾಯ್ಡ್ ಗಡ್ಡೆ ಮತ್ತು ಎಂಡೋಮೆಟ್ರಿಯೋಸಿಸ್ ಕೂಡ ಅಡ್ಡಿಯಾಗುತ್ತವೆ.

5. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತಹೀನತೆ: ಇವನ್ನು ಗರ್ಭ ನಿಲ್ಲುವ ಮೊದಲೇ ಹತೋಟಿಗೆ ತರಬೇಕು. ಸಕ್ಕರೆ ಹತೋಟಿಯಲ್ಲಿಲ್ಲದೆ ಗರ್ಭ ನಿಂತರೆ ಮಗುವಿನ ಅಂಗರಚನೆಯಲ್ಲೇ ದೋಷ ಉಂಟಾಗಬಹುದು. ಪ್ರಯತ್ನ ಆರಂಭಿಸುವ ಮುನ್ನವೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಸೇವಿಸಿದರೆ ಮಗುವಿನ ಬೆನ್ನುಹುರಿಯ ದೋಷಗಳು ಬಹಳಷ್ಟು ತಪ್ಪುತ್ತವೆ.

ಶೇಕಡಾವಾರು ಯಶಸ್ಸು ಎಂದರೆ ಏನು?

ಜಾಹೀರಾತಿನಲ್ಲಿ ಶೇಕಡಾ 70, 80 ಎಂದು ಬರೆದಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು: ಎಣಿಸಿದ್ದು ಏನನ್ನು? ರಕ್ತ ಪರೀಕ್ಷೆಯಲ್ಲಿ ಗರ್ಭ ಕಂಡದ್ದನ್ನೋ, ಸ್ಕ್ಯಾನಿಂಗಿನಲ್ಲಿ ಹೃದಯ ಬಡಿತ ಕಂಡದ್ದನ್ನೋ, ಅಥವಾ ಜೀವಂತ ಮಗು ಹುಟ್ಟಿದ್ದನ್ನೋ? ಮೊದಲನೆಯ ಸಂಖ್ಯೆ ಯಾವಾಗಲೂ ದೊಡ್ಡದು, ಕೊನೆಯದು ಚಿಕ್ಕದು. ಆ ಲೆಕ್ಕ ಯಾವ ವಯಸ್ಸಿನವರದ್ದು, ಸ್ವಂತ ಅಂಡದ್ದೋ ದಾನಿಯದ್ದೋ, ಒಂದು ಬಾರಿಯ ಪ್ರಯತ್ನದ್ದೋ ಹಲವು ಬಾರಿಯದ್ದೋ ಎಂಬುದನ್ನೂ ತಿಳಿಯಬೇಕು.

ಹೋಲಿಕೆಗೆ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2019ರ ಚಿಕಿತ್ಸೆಗಳ ಬಗ್ಗೆ ಪ್ರಕಟಿಸಿದ ಅಂಕಿ ಅಂಶ ನೋಡಬಹುದು. ಐವಿಎಫ್‌ನಲ್ಲಿ ಗರ್ಭಕೋಶಕ್ಕೆ ಸೇರಿಸಿದ ಪ್ರತಿ ಭ್ರೂಣಕ್ಕೆ ಮಗು ಹುಟ್ಟಿದ್ದು 35ಕ್ಕಿಂತ ಕೆಳಗಿನವರಲ್ಲಿ ಸುಮಾರು ಮೂರರಲ್ಲಿ ಒಂದು, 40ರಿಂದ 42ರವರಲ್ಲಿ ಸುಮಾರು ಹತ್ತರಲ್ಲಿ ಒಂದು, 43 ದಾಟಿ ಸ್ವಂತ ಅಂಡ ಬಳಸಿದವರಲ್ಲಿ ಶೇಕಡಾ 5ಕ್ಕೂ ಕಡಿಮೆ. ದೊಡ್ಡ ಸಾಲ ಮಾಡಿ ಚಿಕಿತ್ಸೆಗೆ ಇಳಿಯುವ ಮುನ್ನ ಈ ಸತ್ಯ ಗೊತ್ತಿರಬೇಕು.

ನಮ್ಮ ದೇಶದಲ್ಲಿ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯಿದೆ, 2021 ಎಂಬ ಕಾನೂನು 2022ರ ಜನವರಿ 25ರಂದು ಜಾರಿಗೆ ಬಂದಿತು. ಇದರ ಪ್ರಕಾರ ಪ್ರತಿಯೊಂದು ಕೇಂದ್ರ ನೋಂದಣಿ ಮಾಡಿಸಿರಬೇಕು. ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮ, ಅವಳಿ ತ್ರಿವಳಿ ಗರ್ಭದ ಅಪಾಯ ಇವನ್ನು ದಂಪತಿಗೆ ವಿವರಿಸಬೇಕು. ಇಂತಹ ಚಿಕಿತ್ಸೆಗೆ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದ ಮಿತಿಯಿದೆ. ಮಗುವಿನ ಲಿಂಗ ಆಯ್ಕೆ ಅಪರಾಧ.

ಧರ್ಮಸಭೆಯ ಬೋಧನೆ

ಧರ್ಮಸಭೆ ಸಂತಾನ ಚಿಕಿತ್ಸೆಯನ್ನೇ ಒಪ್ಪುವುದಿಲ್ಲ ಎಂದು ತಿಳಿದವರಿದ್ದಾರೆ. ಅದು ತಪ್ಪು ತಿಳುವಳಿಕೆ. ವ್ಯಾಟಿಕನ್ 1987ರಲ್ಲಿ ಹೊರಡಿಸಿದ 'ದೋನುಮ್ ವಿತೇ' ಮತ್ತು 2008ರ 'ದಿಗ್ನಿತಾಸ್ ಪೆರ್ಸೋನೇ' ಎಂಬ ದಾಖಲೆಗಳು ಈ ಬಗ್ಗೆ ಸ್ಪಷ್ಟವಾಗಿವೆ. ದಾಂಪತ್ಯ ಕ್ರಿಯೆಗೆ ನೆರವಾಗಿ ಅದು ಫಲ ಕೊಡುವಂತೆ ಮಾಡುವ ಚಿಕಿತ್ಸೆ ಸ್ವೀಕಾರಾರ್ಹ; ಆ ಕ್ರಿಯೆಯನ್ನೇ ಬದಿಗಿಟ್ಟು ಅದರ ಜಾಗಕ್ಕೆ ಬರುವ ವಿಧಾನ ಸ್ವೀಕಾರಾರ್ಹವಲ್ಲ. ಹಾರ್ಮೋನ್ ಚಿಕಿತ್ಸೆ, ಎಂಡೋಮೆಟ್ರಿಯೋಸಿಸ್ ಶಸ್ತ್ರಚಿಕಿತ್ಸೆ, ಮುಚ್ಚಿದ ಅಂಡನಾಳ ತೆರೆಯುವುದು ಇವನ್ನು 2008ರ ದಾಖಲೆ ಹೆಸರಿಸಿಯೇ ಒಪ್ಪಿದೆ. ಥೈರಾಯ್ಡ್, ಪಿಸಿಓಎಸ್, ಕ್ಷಯ ಮತ್ತು ಪುರುಷರ ತೊಂದರೆಗಳ ಚಿಕಿತ್ಸೆಗೂ ಯಾವ ಅಡ್ಡಿಯಿಲ್ಲ.

ಐವಿಎಫ್, ದಾನಿಯ ಅಂಡ ಅಥವಾ ವೀರ್ಯ, ಬಾಡಿಗೆ ತಾಯ್ತನ ಇವನ್ನು ಧರ್ಮಸಭೆ ಒಪ್ಪುವುದಿಲ್ಲ. ಜೀವ ಗರ್ಭಾಂಕುರದ ಕ್ಷಣದಿಂದಲೇ ಪೂಜ್ಯವೆಂದು ನಂಬುವ ನಮಗೆ, ಹೆಚ್ಚುವರಿ ಭ್ರೂಣಗಳನ್ನು ಶೈತ್ಯಾಗಾರದಲ್ಲಿಡುವುದು, ಆರಿಸಿ ಉಳಿದದ್ದನ್ನು ಎಸೆಯುವುದು ಗಂಭೀರ ವಿಷಯ. ಸಾಮಾನ್ಯವಾಗಿ ಮಾಡುವ ಐಯುಐ ಕೂಡ ದಾಂಪತ್ಯ ಕ್ರಿಯೆಯ ಬದಲಿಗೆ ಬರುವುದರಿಂದ ಒಪ್ಪಿತವಲ್ಲ.

ಇಲ್ಲಿ ಸಮಯದ ಮಾತು ಮತ್ತೆ ಬರುತ್ತದೆ. 28ನೇ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಿಕೊಂಡವರಿಗೆ ಧರ್ಮಸಭೆ ಒಪ್ಪುವ ಚಿಕಿತ್ಸೆಗಳನ್ನು ಸಮಾಧಾನದಿಂದ ಪ್ರಯತ್ನಿಸಲು ವರ್ಷಗಳಿವೆ. 38ರಲ್ಲಿ ಮೊದಲ ಬಾರಿ ಹೋದವರಿಗೆ ನೇರವಾಗಿ ಐವಿಎಫ್ ಎಂಬ ಉತ್ತರ ಸಿಗುವ ಸಂಭವ ಹೆಚ್ಚು. ತಡ ಮಾಡಿದಷ್ಟೂ ಮನಸ್ಸಾಕ್ಷಿಯ ಸಂಕಟವೂ ಬೆಳೆಯುತ್ತದೆ.

ಆದರೆ ಯಾವ ವಿಧಾನದಿಂದ ಹುಟ್ಟಿದ ಮಗುವಾದರೂ ದೇವರ ಕೊಡುಗೆಯೇ. 'ದೋನುಮ್ ವಿತೇ' ಇದನ್ನು ಒತ್ತಿ ಹೇಳಿದೆ. ಅಂತಹ ಮಗುವಿನ ಜ್ಞಾನಸ್ನಾನದ ಸಮಯದಲ್ಲಿ ಯಾರೂ ಪಿಸುಗುಟ್ಟಬಾರದು.

ಗರ್ಭ ನಿಂತ ಮೇಲೆ

ಚಿಕಿತ್ಸೆಯ ನಂತರ ನಿಂತ ಗರ್ಭದಲ್ಲಿ ಬಿ.ಪಿ. ಏರುವುದು, ಗರ್ಭಿಣಿಯರ ಸಕ್ಕರೆ ಕಾಯಿಲೆ, ಮಾಸು ಕೆಳಗಿರುವುದು, ಅವಧಿಗೆ ಮುಂಚೆ ಹೆರಿಗೆ ಇವುಗಳ ಸಂಭವ ಸ್ವಲ್ಪ ಹೆಚ್ಚು. ತಾಯಿಯ ವಯಸ್ಸು ಮತ್ತು ಅವಳಿ ಗರ್ಭ ಇದಕ್ಕೆ ದೊಡ್ಡ ಕಾರಣಗಳು. ಅವಳಿ ಎಂದರೆ ಎರಡು ಪಾಲು ಸಂತೋಷ ಎನ್ನುತ್ತೇವೆ. ಆದರೆ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರಕ್ಕೆ ಮುಂಚೆಯೇ ಹುಟ್ಟುತ್ತವೆ. ಐವಿಎಫ್ ಮಾತ್ರವಲ್ಲ, ಅಂಡ ಬೆಳೆಸುವ ಮಾತ್ರೆ ಮತ್ತು ಚುಚ್ಚುಮದ್ದುಗಳಿಂದಲೂ ಅವಳಿಯಾಗಬಹುದು. ಆದ್ದರಿಂದ ಈ ಔಷಧಿಗಳನ್ನು ಸ್ಕ್ಯಾನಿಂಗ್ ಇಲ್ಲದೆ, ಇನ್ನೊಬ್ಬರ ಚೀಟಿ ನೋಡಿ ತೆಗೆದುಕೊಳ್ಳಬಾರದು.

ಸಕ್ಕರೆ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೂ ಮತ್ತೆ 24ರಿಂದ 28ನೇ ವಾರದಲ್ಲೂ ಮಾಡಿಸಬೇಕು. ಬಿ.ಪಿ. ಅಪಾಯ ಹೆಚ್ಚಿರುವವರಿಗೆ ವೈದ್ಯರು 12ನೇ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಬಹಳ ಕಾಲದ ನಂತರ ಆದ ಗರ್ಭವನ್ನು ಆಸ್ಪತ್ರೆಯವರು 'ಪ್ರೆಷಸ್ ಬೇಬಿ' ಎನ್ನುತ್ತಾರೆ. ಅದೊಂದೇ ಕಾರಣಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇಕಡಾ 31.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ. ತಮ್ಮ ವಿಷಯದಲ್ಲಿ ವೈದ್ಯಕೀಯ ಕಾರಣ ಏನು ಎಂದು ಕೇಳಿ ತಿಳಿಯುವುದು ದಂಪತಿಯ ಹಕ್ಕು.

ಬಾಣಂತನಕ್ಕೆ ತವರಿಗೆ ಬರುವ ನಮ್ಮ ಪದ್ಧತಿ ಒಳ್ಳೆಯದೇ. ಆದರೆ ಅವಳಿ ಗರ್ಭ, ಬಿ.ಪಿ. ಅಥವಾ ರಕ್ತಸ್ರಾವ ಇರುವವರು ಎಂಟನೇ ತಿಂಗಳಲ್ಲಿ ಶಿರಾಡಿ ಘಾಟಿ ಇಳಿದು ಬರುವುದು ಅಪಾಯಕಾರಿ. ಹೆರಿಗೆ ಎಲ್ಲಿ ಎಂಬುದನ್ನು ಐದನೇ ತಿಂಗಳೊಳಗೆ ವೈದ್ಯರೊಡನೆ ತೀರ್ಮಾನಿಸಿ, ಊರಿಗೆ ಬರುವುದಾದರೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ತಂದು ಇಲ್ಲಿಯ ವೈದ್ಯರಿಗೆ ಮುಂಚಿತವಾಗಿ ತೋರಿಸಬೇಕು. ಬರಲಾಗದಿದ್ದರೆ ತಾಯಿಯೇ ಬೆಂಗಳೂರಿಗೆ ಹೋಗಿ ಬಾಣಂತನ ಮಾಡಲಿ.

ಪಶ್ಚಿಮ ಬೆಂಗಳೂರಿನಲ್ಲಿ ಇರುವ ಅನುಕೂಲಗಳು

ಅಂಡ ಬೆಳವಣಿಗೆಯ ಸ್ಕ್ಯಾನಿಂಗಿಗೆ ಒಂದೇ ತಿಂಗಳಲ್ಲಿ ಹಲವು ಬಾರಿ ಹೋಗಬೇಕಾಗುತ್ತದೆ. ನಗರದ ಇನ್ನೊಂದು ತುದಿಯ ಹೆಸರಾಂತ ಆಸ್ಪತ್ರೆಗೆ ಹೋಗಲಾಗದೆ ಮಧ್ಯದಲ್ಲಿ ಬಿಡುವುದಕ್ಕಿಂತ, ಮನೆಗೆ ಹತ್ತಿರದ ಒಳ್ಳೆಯ ಸ್ತ್ರೀರೋಗ ತಜ್ಞರ ಬಳಿ ಕ್ರಮವಾಗಿ ಹೋಗುವುದು ಲೇಸು. ಹೆರಿಗೆಗೆ ಮಾತ್ರ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯನ್ನೇ ಆರಿಸಬೇಕು.

ಕಾರ್ಖಾನೆ, ಗಾರ್ಮೆಂಟ್ಸ್ ಮುಂತಾದ ಕಡೆ ದುಡಿಯುವ, ಇಎಸ್‌ಐ ಕಾರ್ಡ್ ಇರುವವರಿಗೆ ರಾಜಾಜಿನಗರದಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ವಿಮೆಯ ನಿಯಮಗಳಿಗೆ ಒಳಪಟ್ಟ ಮಹಿಳೆಯರಿಗೆ 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ, ಗರ್ಭಪಾತವಾದರೆ 6 ವಾರ ವೇತನ ಸಹಿತ ಸೌಲಭ್ಯವಿದೆ. 1935ರಲ್ಲಿ ಆರಂಭವಾದ ಸರಕಾರಿ ವಾಣಿವಿಲಾಸ ಆಸ್ಪತ್ರೆಗೆ ಕೆಂಗೇರಿ, ವಿಜಯನಗರದವರು ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ಹೋಗಬಹುದು. ರಾಜಾಜಿನಗರದವರಿಗೆ ನೇರ ಮೆಟ್ರೋ ಇದೆ. ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವ ಯೋಜನೆ 2016ರಲ್ಲಿ ಆರಂಭವಾಯಿತು. ಕಥೋಲಿಕ ಆಸ್ಪತ್ರೆಯೇ ಬೇಕೆನ್ನುವವರಿಗೆ ನೃಪತುಂಗ ರಸ್ತೆಯ ಸಂತ ಮಾರ್ಥಾ ಆಸ್ಪತ್ರೆ ಮತ್ತು ಕೋರಮಂಗಲದ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ.

ದತ್ತು ಸ್ವೀಕಾರ

ಎಲ್ಲಾ ಪ್ರಯತ್ನದ ನಂತರವೂ ಮಗುವಾಗದಿರಬಹುದು. ಆಗ ದತ್ತು ಒಂದು ಸುಂದರ ಕರೆ. ಹಿಂದೆ ಕ್ರೈಸ್ತರಿಗೆ 1890ರ ಕಾಯಿದೆಯಡಿ ಪೋಷಕತ್ವ ಮಾತ್ರ ಸಿಗುತ್ತಿತ್ತು. ಬಾಲನ್ಯಾಯ ಕಾಯಿದೆ ಬಂದ ನಂತರ ಪೂರ್ಣ ದತ್ತು ಸಾಧ್ಯವಾಗಿದೆ. ಕೇಂದ್ರ ದತ್ತು ಪ್ರಾಧಿಕಾರ 'ಕಾರಾ'ದ ಅಂತರ್ಜಾಲ ತಾಣದಲ್ಲಿ ದಂಪತಿಯೇ ನೋಂದಾಯಿಸಬೇಕು. ಎರಡು ವರ್ಷಗಳ ಸ್ಥಿರ ದಾಂಪತ್ಯ ಆಗಿರಬೇಕು. 2022ರ ನಿಯಮಗಳಂತೆ ಎರಡು ವರ್ಷದೊಳಗಿನ ಮಗುವಿಗೆ ಪತಿ ಪತ್ನಿಯರ ಒಟ್ಟು ವಯಸ್ಸು 85 ಮೀರಬಾರದು. ಕಾಯುವಿಕೆ ದೀರ್ಘವಾದ್ದರಿಂದ ಇಲ್ಲಿಯೂ ತಡ ಮಾಡಬಾರದು. ಆಸ್ಪತ್ರೆಯಿಂದಲೋ ಪರಿಚಿತರಿಂದಲೋ ಮಗುವನ್ನು ನೇರವಾಗಿ ಪಡೆಯುವುದು ಕಾನೂನುಬಾಹಿರ.

ಧರ್ಮಕೇಂದ್ರಗಳು ಮಾಡಬಹುದಾದದ್ದು

ವಿವಾಹ ಪೂರ್ವ ಶಿಬಿರದಲ್ಲಿ ವಯಸ್ಸು, ಇಬ್ಬರ ಪರೀಕ್ಷೆ, ಒಪ್ಪಿತ ಚಿಕಿತ್ಸೆಗಳ ಬಗ್ಗೆ ವೈದ್ಯರಿಂದ ಒಂದು ಗಂಟೆಯ ಪಾಠ ಇರಲಿ. ಮಕ್ಕಳಾಗದ ಕಾರಣಕ್ಕೆ ವಿವಾಹವೇ ಸಿಂಧುವಲ್ಲ ಎಂದು ಸೊಸೆಯನ್ನು ಹೆದರಿಸುವವರಿಗೆ ಧರ್ಮಸಭೆಯ ಕಾನೂನು ಸಂಹಿತೆಯ 1084ನೇ ನಿಯಮ ತಿಳಿಸಬೇಕು: ಬಂಜೆತನ ವಿವಾಹವನ್ನು ತಡೆಯುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲ. ಹುಟ್ಟುವ ಮುನ್ನವೇ ಮಗುವನ್ನು ಕಳೆದುಕೊಂಡವರನ್ನು ಇನ್ನೊಂದಾಗುತ್ತದೆ ಬಿಡಿ ಎಂದು ಸಮಾಧಾನಪಡಿಸಬಾರದು. ಜ್ಞಾನಸ್ನಾನ ಕೊಡಿಸಬೇಕೆಂದಿದ್ದು ಅದಕ್ಕೆ ಮುಂಚೆಯೇ ಮಗು ತೀರಿಕೊಂಡರೆ, ಬಿಷಪರ ಅನುಮತಿಯಿಂದ ಅಂತ್ಯಸಂಸ್ಕಾರದ ವಿಧಿ ನಡೆಸಲು 1183ನೇ ನಿಯಮದಲ್ಲಿ ಅವಕಾಶವಿದೆ.

ಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದವರನ್ನು ವಿಶೇಷ ಏನಾದರೂ ಇದೆಯೇ ಎಂದು ಕೇಳುವುದನ್ನು ನಾವೆಲ್ಲರೂ ನಿಲ್ಲಿಸೋಣ. ಹನ್ನಳು ದೇವಾಲಯದಲ್ಲಿ ಕಣ್ಣೀರಿಡುತ್ತಾ ಪ್ರಾರ್ಥಿಸುತ್ತಿದ್ದಾಗ ಯಾಜಕ ಏಲಿಯು ಅವಳು ಕುಡಿದಿದ್ದಾಳೆಂದು ಭಾವಿಸಿ ಗದರಿಸಿದನು. ಅವಳ ಮಾತು ಕೇಳಿದ ಮೇಲೆ ಆಶೀರ್ವದಿಸಿ ಕಳುಹಿಸಿದನು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಮೊದಲು ಕೇಳಿಸಿಕೊಳ್ಳುವ ಕಿವಿಗಳಿರಲಿ, ಅನಂತರ ಸರಿಯಾದ ಸಮಯಕ್ಕೆ ವೈದ್ಯರ ಬಳಿ ಹೋಗಿ ಎಂದು ಹೇಳುವ ಧೈರ್ಯವಿರಲಿ. ಸಂತಾನಕ್ಕಾಗಿ ಕಾಯುತ್ತಿರುವ ಎಲ್ಲಾ ದಂಪತಿಗಳನ್ನು ನಮ್ಮ ಪ್ರಾರ್ಥನೆಯಲ್ಲಿ ನೆನೆಯೋಣ.